ಹೆಸರಿಲ್ಲದ ಕೊಡುಗೆ: ಎಡಿನ್‌ಬರೋ ಪುಸ್ತಕಶಿಲ್ಪಗಳು ಮತ್ತು ಅಜ್ಞಾತಕರ್ತೃತ್ವದ ಪ್ರಶ್ನೆ

1

ಜಾನಪದದ ಲಕ್ಷಣಗಳನ್ನು ಹೇಳುವಾಗ ಮೌಖಿಕತೆ, ಪರಂಪರಾನುಗತತೆ, ಪಾಠಾಂತರಗಳ ಬಾಹುಳ್ಯ ಮೊದಲಾದವುಗಳ ಜೊತೆಗೆ ‘ಅಜ್ಞಾತಕರ್ತೃತ್ವ’ವನ್ನೂ ಸೇರಿಸುವುದು ನಮ್ಮ ಅಧ್ಯಯನಕ್ರಮದಲ್ಲಿ ರೂಢವಾಗಿದೆ. ಸ್ನಾತಕೋತ್ತರ ತರಗತಿಯ ಮೊದಲ ಪತ್ರಿಕೆಯಲ್ಲಿಯೇ ವಿದ್ಯಾರ್ಥಿಗಳು ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ನಾನೂ ಮಾಡಿದ್ದೆ, ಮುಂದೆ ಮಾಡಿಸಿಯೂ ಇದ್ದೇನೆ. ಹಾಡನ್ನು ಕಟ್ಟಿದವರು ಯಾರೆಂದು ತಿಳಿಯದು, ಆದ್ದರಿಂದ ಅದು ಸಮುದಾಯದ್ದು ಎಂಬ ತೀರ್ಮಾನ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಇದರಲ್ಲಿ ಒಂದು ಪ್ರಶ್ನೆ ಮುಚ್ಚಿಹೋಗಿದೆ. ಕರ್ತೃ ಅಜ್ಞಾತ ಎನ್ನುವಾಗ ಯಾರಿಗೆ ಅಜ್ಞಾತ? ಕಾಲ ಮರೆಯಿಸಿದ ಹೆಸರು, ಸಂಗ್ರಾಹಕ ಕೇಳದೆ ಬಿಟ್ಟ ಹೆಸರು, ಮಾಡಿದವರೇ ಬೇಡವೆಂದು ಇಟ್ಟುಕೊಳ್ಳದ ಹೆಸರು, ಈ ಮೂರೂ ನಮ್ಮ ಸಂಪುಟಗಳಲ್ಲಿ ಒಂದೇ ಪದದಡಿ ಅಡಗಿವೆ.

ಈ ಗೊಂದಲವನ್ನು ಬಿಡಿಸಿಕೊಳ್ಳಲು ನನಗೆ ನೆರವಾದದ್ದು ನಮ್ಮ ಹಳ್ಳಿಗಳ ಸಾಮಗ್ರಿಯಲ್ಲ. 2011ರಲ್ಲಿ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ಒಂದರ ಹಿಂದೊಂದು ಕಾಣಿಸಿಕೊಂಡ ಹತ್ತು ಕಾಗದದ ಶಿಲ್ಪಗಳು. ಹಳೆಯ ಪುಸ್ತಕಗಳನ್ನು ಕತ್ತರಿಸಿ ಮಾಡಿದ ಈ ಪುಟ್ಟ ಆಕೃತಿಗಳನ್ನು ಗ್ರಂಥಾಲಯ, ವಸ್ತುಸಂಗ್ರಹಾಲಯಗಳಲ್ಲಿ ಯಾರೋ ಸದ್ದಿಲ್ಲದೆ ಇಟ್ಟುಹೋದರು. ಮಾಡಿದಾಕೆ ತನ್ನ ಹೆಸರನ್ನು ಹೇಳಿಕೊಂಡಿಲ್ಲ. ಈ ಶಿಲ್ಪಗಳನ್ನು ನಾನು ಅಧ್ಯಯನ ಮಾಡಿರುವುದು ಛಾಯಾಚಿತ್ರಗಳಿಂದ ಮತ್ತು ಮುದ್ರಿತ ವಿವರಗಳಿಂದ ಎಂಬುದನ್ನು ಮೊದಲೇ ಹೇಳಬೇಕು. ಕಾಗದದ ದಪ್ಪ, ಕತ್ತರಿಯ ಮೊನೆಯ ಓಟ ಇವುಗಳ ಬಗೆಗೆ ಕಣ್ಣಾರೆ ಕಂಡವರು ಹೆಚ್ಚು ಹೇಳಬಲ್ಲರು. ಇಲ್ಲಿನ ವಿವೇಚನೆ ಮುಖ್ಯವಾಗಿ ಇಡುವ ಕ್ರಿಯೆಯನ್ನು, ಜೊತೆಗಿದ್ದ ಚೀಟಿಯನ್ನು ಮತ್ತು ಹೆಸರಿನ ಗೈರುಹಾಜರಿಯನ್ನು ಕುರಿತದ್ದು.

2

2011ರ ಮಾರ್ಚ್ ತಿಂಗಳಲ್ಲಿ ಸ್ಕಾಟಿಷ್ ಪೊಯಟ್ರಿ ಲೈಬ್ರರಿಯ ಸಿಬ್ಬಂದಿಗೆ ಮೇಜೊಂದರ ಮೇಲೆ ಒಂದು ಮರ ಕಂಡಿತು. ಹಳೆಯ ಪುಸ್ತಕವೊಂದರ ಮೇಲೆ ನೆಟ್ಟಂತಿದ್ದ ಆ ಮರದ ಕಾಂಡ, ಕೊಂಬೆ, ಎಲೆಗಳೆಲ್ಲ ಅಚ್ಚಾದ ಪುಟಗಳಿಂದ ಆದವು. ಬುಡದಲ್ಲಿ ಒಡೆದ ಮೊಟ್ಟೆಯ ಎರಡು ಹೋಳುಗಳು. ಒಳಗೆ ಬಂಗಾರದ ಬಣ್ಣ. ಆ ಹೋಳುಗಳಲ್ಲಿ ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸಿದ ಪದಗಳು. ಚೂರುಗಳನ್ನು ಜೋಡಿಸಿದಾಗ ಅದು ಎಡ್ವಿನ್ ಮಾರ್ಗನ್ ಅವರ ‘ಎ ಟ್ರೇಸ್ ಆಫ್ ವಿಂಗ್ಸ್’ ಕವಿತೆಯೆಂದು ತಿಳಿಯಿತು. ಮಾರ್ಗನ್ 2004ರಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರಕವಿಯಾಗಿ ನಿಯುಕ್ತರಾಗಿದ್ದವರು. 2010ರ ಆಗಸ್ಟಿನಲ್ಲಿ ತೀರಿಕೊಂಡಿದ್ದರು. ಆ ಕವಿತೆ ಇನ್ನೊಬ್ಬ ಕವಿ ಬೇಸಿಲ್ ಬಂಟಿಂಗ್ ಅವರ ನೆನಪಿಗಾಗಿ ಬರೆದದ್ದು. ಬಂಟಿಂಗ್ ಎಂಬುದು ಒಂದು ಜಾತಿಯ ಹಕ್ಕಿಯ ಹೆಸರೂ ಹೌದು. ಕವಿಯೊಬ್ಬನಿಗೆ ಕವಿಯೊಬ್ಬ ಸಲ್ಲಿಸಿದ ನಮನವು, ಸಲ್ಲಿಸಿದವನೂ ಇಲ್ಲವಾದ ಆರೇಳು ತಿಂಗಳಿಗೆ ಹೀಗೆ ಮೊಟ್ಟೆಯೊಳಗೆ ಸೇರಿ ಕವಿತೆಯ ಗ್ರಂಥಾಲಯಕ್ಕೆ ಬಂದಿತ್ತು.

ಜೊತೆಗೊಂದು ಚೀಟಿ. ಅದರಲ್ಲಿ ಕೊಟ್ಟವರ ಹೆಸರಿರಲಿಲ್ಲ, ಪಡೆಯುವವರ ಹೆಸರಿತ್ತು. ಟ್ವಿಟರ್ ಜಾಲತಾಣದಲ್ಲಿ ಆ ಗ್ರಂಥಾಲಯ ಬಳಸುತ್ತಿದ್ದ ಹೆಸರು ‘ಬೈ ಲೀವ್ಸ್ ವಿ ಲಿವ್’, ಅಂದರೆ ಎಲೆಗಳಿಂದ ನಾವು ಬದುಕಿದ್ದೇವೆ ಎಂದು. ಈ ಮಾತು ಸಸ್ಯವಿಜ್ಞಾನಿ ಹಾಗೂ ನಗರಯೋಜಕ ಪ್ಯಾಟ್ರಿಕ್ ಗೆಡಿಸ್ ಅವರದು. ಡಂಡಿಯಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾಗಿದ್ದು 1919ರಲ್ಲಿ ನಿವೃತ್ತರಾದ ಅವರು ಆ ಬಳಿಕ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಬೋಧಿಸಿದವರೆಂಬುದು ನಮ್ಮ ಓದುಗರಿಗೆ ಗೊತ್ತಿರಬಹುದು. ಚೀಟಿಯ ಒಕ್ಕಣೆಯ ಸಾರಾಂಶ ಇಷ್ಟು: ಎಲ್ಲವೂ ನಿಮ್ಮ ಹೆಸರಿನಿಂದ ಆರಂಭವಾಯಿತು, ಅದು ಮರವಾಯಿತು, ಗ್ರಂಥಾಲಯವೆಂದರೆ ಪುಸ್ತಕ ತುಂಬಿದ ಕಟ್ಟಡಕ್ಕಿಂತ ಹೆಚ್ಚಿನದು, ಗ್ರಂಥಾಲಯ, ಪುಸ್ತಕ, ಪದ, ವಿಚಾರಗಳ ಪರವಾಗಿ ಇದು ಒಂದು ಕಾಣಿಕೆ.

ಜೂನ್ ತಿಂಗಳಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಗ್ರಾಮಫೋನು ಮತ್ತು ಶವಪೆಟ್ಟಿಗೆ ಕಾಣಿಸಿಕೊಂಡವು. ಅವು ಇಯಾನ್ ರ‍್ಯಾಂಕಿನ್ ಅವರ ‘ಎಕ್ಸಿಟ್ ಮ್ಯೂಸಿಕ್’ (2007) ಎಂಬ ಪತ್ತೇದಾರಿ ಕಾದಂಬರಿಯಿಂದ ಕತ್ತರಿಸಿದವು. ಗ್ರಾಮಫೋನು ಸಂಗೀತಕ್ಕೆ, ಪೆಟ್ಟಿಗೆ ನಿರ್ಗಮನಕ್ಕೆ. ಚೀಟಿಯಲ್ಲಿ ಅದೇ ‘ಪರವಾಗಿ’ ಎಂಬ ಮಾತಿಗೆ, ಅವುಗಳ ನಿರ್ಗಮನದ ವಿರುದ್ಧವಾಗಿ ಎಂಬರ್ಥದ ಸೇರ್ಪಡೆಯಿತ್ತು. ಆಮೇಲೆ ಫಿಲ್ಮ್‌ಹೌಸ್ ಚಿತ್ರಮಂದಿರಕ್ಕೆ ತೆರೆಯನ್ನು ಸೀಳಿಕೊಂಡು ಹೊರನುಗ್ಗುವ ಕುದುರೆ ಸವಾರರ ಪುಟ್ಟ ಚಿತ್ರಮಂದಿರ. ಕಥನ ಕೇಂದ್ರಕ್ಕೆ ಗೂಡಿನಲ್ಲಿ ಕುಳಿತ ಡ್ರ್ಯಾಗನ್. ಆಗಸ್ಟಿನ ಪುಸ್ತಕೋತ್ಸವದಲ್ಲಿ ಎರಡು ಶಿಲ್ಪಗಳು. ಜಾರ್ಜ್ ಫೋರ್ತ್ ಸೇತುವೆಯ ಕೇಂದ್ರ ಗ್ರಂಥಾಲಯಕ್ಕೆ ಒಂದು ಭೂತಗನ್ನಡಿ. ನವೆಂಬರಿನಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಲೇಖಕರ ವಸ್ತುಸಂಗ್ರಹಾಲಯಗಳಿಗೆ ಒಂದೊಂದು. ಹತ್ತನೆಯದು, ಮೊದಲನೆಯದು ಬಂದಿದ್ದ ಕವಿತೆಯ ಗ್ರಂಥಾಲಯಕ್ಕೇ ಬಂದಿತು. ಅದರ ಮೇಲೆ ಹತ್ತರಲ್ಲಿ ಹತ್ತು ಎಂಬ ಸಂಖ್ಯೆಯಿತ್ತು. ಅದರ ಜೊತೆಗಿದ್ದ ಬರಹದಿಂದಲೇ ಇವನ್ನು ಮಾಡಿದ್ದು ಒಬ್ಬ ಹೆಂಗಸು ಎಂಬುದು ತಿಳಿದದ್ದು. ಗ್ರಂಥಾಲಯ, ವಸ್ತುಸಂಗ್ರಹಾಲಯಗಳಿಗೆ ಹಣ ತೆರದೆ ಹೋಗಿ ಅಡ್ಡಾಡಿ ಬರುವ ಸ್ವಾತಂತ್ರ್ಯ ಇಲ್ಲದಿದ್ದರೆ ತನ್ನ ಬಾಳು ಬಡವಾಗುತ್ತಿತ್ತೆಂದು ಆಕೆ ತಿಳಿಸಿದ್ದರು. ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ತಿಳಿದಿರಬೇಕು ಎಂಬ ಅಭಿಪ್ರಾಯವೂ ಅಲ್ಲಿತ್ತು.

ಈ ಕಾಣಿಕೆಗಳ ಕಾಲಸಂದರ್ಭವನ್ನು ಮರೆಯುವಂತಿಲ್ಲ. 2010ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸರ್ಕಾರ ಸಾರ್ವಜನಿಕ ವೆಚ್ಚದ ಭಾರಿ ಕಡಿತವನ್ನು ಪ್ರಕಟಿಸಿತು. ಸ್ಥಳೀಯ ಸಂಸ್ಥೆಗಳ ಅನುದಾನ ಇಳಿದು ನೂರಾರು ಶಾಖಾ ಗ್ರಂಥಾಲಯಗಳು ಮುಚ್ಚುವ ಭೀತಿಗೊಳಗಾದವು. 2011ರ ಜನವರಿಯಲ್ಲಿ ಇಂಗ್ಲೆಂಡಿನ ಸ್ಟೋನಿ ಸ್ಟ್ರಾಟ್‌ಫರ್ಡ್ ಎಂಬ ಊರಿನ ಓದುಗರು ಸುಮಾರು 16,000 ಪುಸ್ತಕಗಳನ್ನೂ ಎರವಲು ಪಡೆದು ಕಪಾಟುಗಳನ್ನು ಪೂರ್ತಿ ಬರಿದು ಮಾಡಿದರು. ಗ್ರಂಥಾಲಯವಿಲ್ಲದ ಊರು ಹೇಗಿರುತ್ತದೆಂದು ತೋರಿಸುವ ಉಪಾಯ ಅದು. ಅಲ್ಲಿ ಓದುಗರು ತೆಗೆದುಕೊಂಡು ಹೋಗಿ ಪ್ರತಿಭಟಿಸಿದರು. ಎಡಿನ್‌ಬರೋದಲ್ಲಿ ಒಬ್ಬಾಕೆ ತಂದಿಟ್ಟು ಪ್ರತಿಭಟಿಸಿದಳು. ಎರಡರಲ್ಲಿಯೂ ಘೋಷಣೆಯಿಲ್ಲ. ಎರಡೂ ಗ್ರಂಥಾಲಯದ ದಿನನಿತ್ಯದ ವ್ಯವಹಾರವನ್ನೇ, ಎಂದರೆ ಕೊಡುವುದು ಮತ್ತು ಕೊಳ್ಳುವುದನ್ನೇ, ಭಾಷೆಯಾಗಿ ಬಳಸಿಕೊಂಡವು.

3

ಪುಸ್ತಕವನ್ನು ಕತ್ತರಿಸಿ ಶಿಲ್ಪ ಮಾಡುವುದೆಂದರೆ ನಮ್ಮ ಸಂಸ್ಕಾರದವರಿಗೆ ಮೊದಲು ಮೂಡುವುದು ಅಳುಕು. ಕಾಲು ತಾಗಿದ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಬೆಳೆದವರು ನಾವು. ನವರಾತ್ರಿಯಲ್ಲಿ ಪುಸ್ತಕವನ್ನು ಪೂಜೆಗಿಟ್ಟು ಆ ದಿನ ಓದದೆ ಇರುವ ಪದ್ಧತಿಯೂ ಉಂಟು. ನಮ್ಮ ಓಲೆಗರಿ ಗ್ರಂಥಗಳ ಕೊನೆಯಲ್ಲಿ ಲಿಪಿಕಾರರು ಮಾಡಿಕೊಂಡ ಬಿನ್ನಹಗಳು ಸಂಪಾದನಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತ. ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ, ಮೂರ್ಖರ ಕೈಯಿಂದ ಈ ಪುಸ್ತಕವನ್ನು ಕಾಪಾಡಿರೆಂದು ಬೆನ್ನು ಕುತ್ತಿಗೆ ಬಾಗಿಸಿ ಬರೆದವನು ಬೇಡುತ್ತಾನೆ. ಕತ್ತರಿಯನ್ನು ಅವನು ಹೆಸರಿಸಿಲ್ಲ. ಅಂಥದೊಂದು ಅಪಾಯ ಅವನ ಎಣಿಕೆಯಲ್ಲೇ ಇರಲಿಲ್ಲ.

ಪಶ್ಚಿಮದಲ್ಲಿ ಪುಸ್ತಕವನ್ನು ರೂಪಾಂತರಿಸುವ ಕಲೆಗೆ ಒಂದು ಇತಿಹಾಸವಿದೆ. ಬ್ರಿಟನ್ನಿನ ಟಾಮ್ ಫಿಲಿಪ್ಸ್ 1966ರಲ್ಲಿ 1892ರ ಹಳೆಯ ಕಾದಂಬರಿಯೊಂದನ್ನು ಕೊಂಡು ಅದರ ಪುಟಪುಟದ ಮೇಲೂ ಬಣ್ಣ ಬಳಿದು, ಉಳಿಸಿದ ಪದಗಳಿಂದ ಹೊಸ ಕಥನವನ್ನು ಕಟ್ಟಿದ ‘ಎ ಹ್ಯುಮ್ಯುಮೆಂಟ್’ ಪ್ರಸಿದ್ಧವಾಗಿದೆ. ಬ್ರಯಾನ್ ಡೆಟ್ಮರ್, ಸೂ ಬ್ಲ್ಯಾಕ್‌ವೆಲ್ ಮೊದಲಾದವರ ಪುಸ್ತಕಶಿಲ್ಪಗಳು ಕಲಾಶಾಲೆಗಳಲ್ಲಿ ಪ್ರದರ್ಶಿತವಾಗಿವೆ. ಕೈಚಳಕವೊಂದನ್ನೇ ಅಳತೆಗೋಲಾಗಿ ಹಿಡಿದರೆ ಎಡಿನ್‌ಬರೋದ ಶಿಲ್ಪಗಳು ಇವುಗಳ ಮುಂದೆ ಅಷ್ಟೇನೂ ಹೊಸತಲ್ಲ. ಪುಸ್ತಕೋತ್ಸವಕ್ಕೆ ಬಂದ ಚಹಾ ಬಟ್ಟಲು ಮತ್ತು ಪುಟ್ಟ ಕೇಕಿನ ಶಿಲ್ಪವನ್ನಂತೂ ನಾನು ದುರ್ಬಲವೆಂದೇ ಎಣಿಸುತ್ತೇನೆ. ಒಳ್ಳೆಯ ಪುಸ್ತಕ, ಬಿಸಿ ಚಹಾ ಎಂಬ ಭಾವ ಅಂಗಡಿಯ ಶುಭಾಶಯ ಪತ್ರಗಳಲ್ಲಿ ಸವೆದುಹೋದದ್ದು. ಅಲ್ಲಿ ಪುಸ್ತಕ ಕೇವಲ ಕಾಗದವಾಗಿ ಬಳಕೆಯಾಗಿದೆ.

ಕತ್ತರಿಗೆ ಸಮರ್ಥನೆ ಸಿಗುವುದು ಕತ್ತರಿಸಿದ ಮೇಲೂ ಪುಸ್ತಕ ಓದಿಸಿಕೊಂಡಾಗ ಮಾತ್ರ. ಈ ದೃಷ್ಟಿಯಿಂದ ಹತ್ತರಲ್ಲಿ ಮೊದಲನೆಯ ಮರ ಮತ್ತು ಕೊನೆಯ ಟೋಪಿ-ಕೈಗವಸುಗಳು ಉಳಿದೆಲ್ಲಕ್ಕಿಂತ ಮಿಗಿಲಾದವು. ಮರದ ಸೊಗಸು ಇಂಗ್ಲಿಷಿನ ‘ಲೀಫ್’ ಎಂಬ ಪದದ ಶ್ಲೇಷೆಯಲ್ಲಿದೆ. ಅದು ಮರದ ಎಲೆಯೂ ಹೌದು, ಪುಸ್ತಕದ ಹಾಳೆಯೂ ಹೌದು. ಕನ್ನಡ ಓದುಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ‘ಪತ್ರ’ ಎಲೆಯೂ ಆಗಿದೆ, ಬರಹವೂ ಆಗಿದೆ. ‘ಗರಿ’ಯಂತೂ ಇನ್ನೂ ಒಂದು ಹೆಜ್ಜೆ ಮುಂದಿದೆ: ತೆಂಗು, ತಾಳೆಗಳ ಗರಿ, ಗ್ರಂಥದ ಓಲೆಗರಿ, ಹಕ್ಕಿಯ ಗರಿ. ಎಡಿನ್‌ಬರೋದ ಶಿಲ್ಪಿಗೆ ಮೂರು ವಸ್ತುಗಳಲ್ಲಿ ಹೇಳಬೇಕಾದದ್ದು, ಎಂದರೆ ಎಲೆಯಿಂದ ಮರ, ಪುಟದಿಂದ ಕವಿತೆ, ಮೊಟ್ಟೆಯಿಂದ ರೆಕ್ಕೆ ಎಂಬ ಪರಿವರ್ತನೆ, ನಮ್ಮ ನುಡಿಯಲ್ಲಿ ಈ ಒಂದೇ ಪದದಲ್ಲಿ ಅಡಕವಾಗಿದೆ. ಆಕೆಗೆ ಕನ್ನಡ ಗೊತ್ತಿತ್ತೆಂದು ಇದರರ್ಥವಲ್ಲ. ಬರಹಕ್ಕೆ ಎಲೆಯೇ ಆಧಾರವಾಗಿದ್ದ ನಾಡಿನ ಓದುಗನಿಗೆ ಈ ಮರ ವಿದೇಶದ ಚಮತ್ಕಾರವಾಗಿ ಕಾಣಬೇಕಾಗಿಲ್ಲ ಎಂಬುದಷ್ಟೇ ನನ್ನ ಮಾತು.

ಮೊಟ್ಟೆಯೊಳಗಿನ ಪದಚೂರುಗಳ ವಿಚಾರ ಇನ್ನಷ್ಟು ಮುಖ್ಯ. ಕವಿತೆಯನ್ನು ಕತ್ತರಿಸಿ ಹಾಳುಮಾಡಲಾಗಿದೆ ಎನ್ನುವಷ್ಟರಲ್ಲಿ ಅದನ್ನು ಕಂಡವರು ಕುಳಿತು ಜೋಡಿಸಬೇಕಾಗುತ್ತದೆ. ಸಿದ್ಧ ಕೃತಿಯನ್ನು ಪಡೆದವರು ಅದನ್ನು ತಾವೇ ಪೂರ್ತಿಮಾಡಬೇಕೆಂಬ ಈ ಒತ್ತಾಯವು ಒಗಟಿನ ಸ್ವಭಾವದ್ದು. ಒಗಟು ಒಡೆಯುವವನಿಲ್ಲದೆ ಪೂರ್ಣವಾಗುವುದಿಲ್ಲ; ಆದ್ದರಿಂದಲೇ ಅದಕ್ಕೆ ಕರ್ತೃವಿಗಿಂತ ಎದುರಾಳಿಯ ಅಗತ್ಯ ಹೆಚ್ಚು. ಕೇಂದ್ರ ಗ್ರಂಥಾಲಯದ ಭೂತಗನ್ನಡಿಯೂ ಈ ಬಗೆಯದೇ. ಬಿಚ್ಚಿದ ಪುಸ್ತಕದ ಮೇಲೆ ಕನ್ನಡಿ. ಅದರಡಿ ಮತ್ತೆ ಮಾರ್ಗನ್ ಅವರ ಸಾಲುಗಳು, ಬೆಳಕಿನಲ್ಲಿ ಎಲ್ಲವನ್ನೂ ಪೂರ್ತಿಯಾಗಿ ಕಾಣಬೇಕೆಂಬ ಹಂಬಲದವು. ಕಾರ್ನೆಗಿ ಅವರ ದಾನದಿಂದ ಕಟ್ಟಿಸಿ 1890ರಲ್ಲಿ ತೆರೆದ ಆ ಗ್ರಂಥಾಲಯದ ಬಾಗಿಲ ಮೇಲೆಯೂ ಬೆಳಕನ್ನು ಕರೆಯುವ ಬರಹವೇ ಇದೆ. ಚೀಟಿಯಲ್ಲಿ ಗ್ರಂಥಾಲಯಗಳು ದುಬಾರಿ ಎಂಬರ್ಥದ ‘ಎಕ್ಸ್‌ಪೆನ್ಸಿವ್’ ಪದದ ಒಂದು ಅಕ್ಷರವನ್ನು ತಿದ್ದಿ, ವಿಶಾಲ ಎಂಬರ್ಥದ ‘ಎಕ್ಸ್‌ಪಾನ್ಸಿವ್’ ಮಾಡಲಾಗಿತ್ತು. ಕಡತಗಳಲ್ಲಿ ಲೆಕ್ಕ ಹಾಕುವ ಅಧಿಕಾರಿಗಳಿಗೆ ಇದಕ್ಕಿಂತ ಚುಟುಕಾದ ಉತ್ತರ ಕೊಡಲಾಗದು.

ಕಥನ ಕೇಂದ್ರದ ಡ್ರ್ಯಾಗನ್ ರ‍್ಯಾಂಕಿನ್ ಅವರ ಮೊದಲ ರೀಬಸ್ ಕಾದಂಬರಿ ‘ನಾಟ್ಸ್ ಅಂಡ್ ಕ್ರಾಸಸ್’ (1987) ಪುಸ್ತಕದಿಂದ ಮಾಡಿದ್ದು. ಶಿಲ್ಪವಾಗಿ ಅದು ಸುಂದರವೇ ಆದರೂ ಕಾದಂಬರಿಗೂ ಡ್ರ್ಯಾಗನ್ನಿಗೂ ಸಂಬಂಧ ಕಾಣದು. ಜನಪದ ಅಧ್ಯಯನದ ದೃಷ್ಟಿಯಿಂದ ಅದರ ಚೀಟಿಯೇ ಹೆಚ್ಚು ಕುತೂಹಲಕರ. ಒಂದಾನೊಂದು ಕಾಲದಲ್ಲಿ ಎಂದು ತೊಡಗುವ ಆ ಒಕ್ಕಣೆಯಲ್ಲಿ ಪುಸ್ತಕದೊಳಗೆ ಗೂಡು, ಗೂಡಿನೊಳಗೆ ಮೊಟ್ಟೆ, ಮೊಟ್ಟೆಯೊಳಗೆ ಡ್ರ್ಯಾಗನ್, ಡ್ರ್ಯಾಗನ್ನಿನೊಳಗೆ ಕಥೆ ಎಂದು ಒಂದರೊಳಗೊಂದು ಸೇರುತ್ತಾ ಹೋಗುತ್ತದೆ. ಇದು ಸರಪಣಿ ಕಥೆಯ ಅಚ್ಚು. ಏಳು ಸಮುದ್ರದಾಚೆಯ ಮರ, ಮರದಲ್ಲಿ ಪಂಜರ, ಪಂಜರದಲ್ಲಿ ಗಿಳಿ, ಗಿಳಿಯೊಳಗೆ ರಾಕ್ಷಸನ ಪ್ರಾಣ ಎಂಬ ನಮ್ಮ ಅಜ್ಜಿಕಥೆಗಳ ಜೋಡಣೆಯನ್ನು ಬಲ್ಲವರಿಗೆ ಇದರ ನಡೆ ಕೂಡಲೇ ತಿಳಿಯುತ್ತದೆ. ಅಲ್ಲಿ ಕಟ್ಟಕಡೆಗೆ ದೊರೆಯುವುದು ಪ್ರಾಣ, ಇಲ್ಲಿ ಕಥೆ.

ಹತ್ತನೆಯ ಶಿಲ್ಪಕ್ಕೆ ಆಧಾರ ನಾರ್ಮನ್ ಮೆಕೇಗ್ ಅವರ ‘ಗಿಫ್ಟ್ಸ್’ ಎಂಬ ಕವಿತೆ. ಪ್ರಾಚೀನ ಐರಿಷ್ ಕವಿಯಂತೆ ನೀನು ನನಗೆ ಅಸಾಧ್ಯವಾದ ಉಡುಗೊರೆಗಳನ್ನು ಕೊಡುವುದಿಲ್ಲವೆಂದು ಪ್ರಿಯರೊಬ್ಬರು ದೂರುತ್ತಾರೆಂಬುದು ಅದರ ಸಂದರ್ಭ. ಆ ಅಸಾಧ್ಯಗಳಲ್ಲಿ ಎರಡು: ಪುಟ್ಟ ಹಕ್ಕಿಯ ರೆಕ್ಕೆಗಳ ಟೋಪಿ, ಜೇನುನೊಣದ ನವಿರಿನ ಕೈಗವಸು. ನಮ್ಮ ಕಥೆಗಳಲ್ಲಿ ಹುಲಿಯ ಹಾಲು ತಾ ಎಂದು ಕಳುಹಿಸುವಂತೆ, ಕೊಡಲಾಗದ್ದನ್ನು ಕೇಳುವುದೇ ಇಲ್ಲಿನ ಆಶಯ. ಶಿಲ್ಪಿ ಕವಿಯ ಸೋಲನ್ನು ತಾನು ತುಂಬಿಕೊಟ್ಟಂತೆ ಆ ಎರಡನ್ನೂ ಕಾಗದದಲ್ಲಿ ಮಾಡಿ ಕೊಟ್ಟಿದ್ದಾಳೆ. ಮೊದಲ ಶಿಲ್ಪದ ಮೊಟ್ಟೆಯಲ್ಲಿದ್ದ ರೆಕ್ಕೆ ಕೊನೆಯ ಶಿಲ್ಪದಲ್ಲಿ ಟೋಪಿಯಾಗಿ ಬಂದಿದೆ. ಹತ್ತನ್ನೂ ಒಂದೇ ಕಥನವಾಗಿ ಓದಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಆಂತರಿಕ ಪ್ರಮಾಣ ಬೇರೊಂದಿಲ್ಲ.

4

ಇನ್ನು ಹೆಸರಿನ ಪ್ರಶ್ನೆ. ಭಾರತೀಯ ಪರಂಪರೆಯ ಕಲೆ ಸ್ವಭಾವತಃ ಅನಾಮಿಕವಾದದ್ದು, ಅಲ್ಲಿ ಕಲಾವಿದ ತನ್ನ ವ್ಯಕ್ತಿತ್ವವನ್ನು ಕೃತಿಯಲ್ಲಿ ಲೀನಗೊಳಿಸುತ್ತಾನೆ ಎಂಬ ವಿಚಾರಕ್ಕೆ ಆನಂದ ಕುಮಾರಸ್ವಾಮಿ ಅವರ ಬರಹಗಳಿಂದ ದೊಡ್ಡ ಬೆಂಬಲ ದೊರೆಯಿತು. ಆದರೆ ಕರ್ನಾಟಕದ ಶಾಸನಗಳನ್ನು ಓದಿದವರು ಇದನ್ನು ಇಡಿಯಾಗಿ ಒಪ್ಪಲಾರರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣರ ಹೆಸರುಗಳು ಅವರು ಕಡೆದ ವಿಗ್ರಹಗಳ ಕೆಳಗೇ ಇವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಹೆಸರನ್ನು ಕೆತ್ತಿಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ. ದಾನಿಗಳಿಗಂತೂ ಇರಲೇ ಇಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನ ಪುಸ್ತಕಕ್ಕಾಗಿ ನಮ್ಮ ನಾಡಿನಲ್ಲಿ ನಡೆದ ಅತಿ ದೊಡ್ಡ ಕೊಡುಗೆಗಳಲ್ಲಿ ಒಂದು. ಆಕೆಯ ಹೆಸರನ್ನು ರನ್ನ 993ರ ಅಜಿತಪುರಾಣದಲ್ಲಿ ಹೊಗಳಿದ್ದಾನೆ; ಲಕ್ಕುಂಡಿಯ 1007ರ ಶಾಸನವೂ ಹೇಳುತ್ತದೆ. ಆ ಸಾವಿರ ಪ್ರತಿಗಳನ್ನು ಬರೆದ ಲಿಪಿಕಾರರ ಹೆಸರುಗಳು ಎಲ್ಲಿ ಹೋದವು ಎಂಬುದನ್ನು ಮಾತ್ರ ಯಾವ ಶಾಸನವೂ ಹೇಳುವುದಿಲ್ಲ.

ಹೀಗಿರುವಾಗ ಎಡಿನ್‌ಬರೋದ ಅನಾಮಿಕತೆಯನ್ನು ‘ಪ್ರಾಚೀನ ಕಲಾವಿದರ ವಿನಯ’ಕ್ಕೆ ಹೋಲಿಸುವುದು ಸಲ್ಲದು. ಅದಕ್ಕೆ ಹೆಚ್ಚು ಹತ್ತಿರವಾದ ಮಾದರಿ ನಮ್ಮಲ್ಲಿ ವಚನಗಳ ಅಂಕಿತ. ಬಸವಣ್ಣನವರ ವಚನದ ಕೊನೆಯಲ್ಲಿ ಬರುವುದು ಕೂಡಲಸಂಗಮದೇವನ ಹೆಸರು, ಅಕ್ಕಮಹಾದೇವಿಯ ವಚನದ ಕೊನೆಯಲ್ಲಿ ಚೆನ್ನಮಲ್ಲಿಕಾರ್ಜುನನ ಹೆಸರು. ಎಂದರೆ, ಕೃತಿಯ ಮೇಲೆ ಬೀಳುವ ಮುದ್ರೆ ನುಡಿದವರದಲ್ಲ, ಯಾರನ್ನು ಕುರಿತು ನುಡಿಯಲಾಯಿತೋ ಅವರದು. ಎಡಿನ್‌ಬರೋದ ಚೀಟಿಗಳಲ್ಲಿಯೂ ಇರುವುದು ಪಡೆಯುವವರ ಹೆಸರೇ. ಮತ್ತೊಂದು ಹೋಲಿಕೆಯೂ ಉಂಟು. ಇಷ್ಟದೈವದ ಹೆಸರಿನಿಂದಲೇ ವಚನಕಾರರನ್ನು ನಾವು ಗುರುತಿಸುವಂತೆ, ‘ಗ್ರಂಥಾಲಯ, ಪುಸ್ತಕ, ಪದ, ವಿಚಾರಗಳ ಪರವಾಗಿ’ ಎಂಬ ಮತ್ತೆ ಮತ್ತೆ ಬರುವ ನುಡಿಗಟ್ಟಿನಿಂದಲೇ ಎರಡನೆಯ ಶಿಲ್ಪ ಮೊದಲನೆಯದರ ಕೈಯದೇ ಎಂದು ಜನ ಗುರುತಿಸಿದರು. ವ್ಯತ್ಯಾಸವೆಂದರೆ ವಚನಕಾರರು ಯಾರೆಂಬುದು ಅವರ ಸುತ್ತಲಿನ ಶರಣರಿಗೆ ತಿಳಿದಿತ್ತು. ಇಲ್ಲಿ ಅಂಕಿತ ಮಾತ್ರ ಉಂಟು, ವ್ಯಕ್ತಿ ಮರೆಯಲ್ಲಿದ್ದಾಳೆ.

ಮರೆಯಲ್ಲಿರುವುದರಿಂದ ಆಗುವುದೇನು? ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ ತಮ್ಮ 1925ರ ಪ್ರಸಿದ್ಧ ಪ್ರಬಂಧದಲ್ಲಿ ಕೊಡುಗೆಗೆ ಮೂರು ಕಟ್ಟುಪಾಡುಗಳನ್ನು ಹೇಳುತ್ತಾರೆ: ಕೊಡಬೇಕು, ಒಪ್ಪಿಕೊಳ್ಳಬೇಕು, ಮರಳಿ ಕೊಡಬೇಕು. ನಮ್ಮ ದಾನಧರ್ಮವನ್ನು ಅವರು ಮಹಾಭಾರತದ ಅನುಶಾಸನಪರ್ವದ ಆಧಾರದಿಂದ ಅಲ್ಲಿ ಚರ್ಚಿಸಿದ್ದಾರೆ. ಹೆಸರಿಲ್ಲದ ಕೊಡುಗೆ ಮೂರನೆಯ ಕಟ್ಟುಪಾಡನ್ನು ತಡೆಯುತ್ತದೆ. ಪಡೆದವರು ಋಣದಲ್ಲಿಯೇ ಉಳಿಯುತ್ತಾರೆ. ಕೊಟ್ಟವರಿಗೆ ತೀರಿಸಲಾಗದ ಋಣ ಬೇರೆಡೆಗೆ ಹರಿಯಲೇಬೇಕು. ಗುಪ್ತದಾನವನ್ನು ನಮ್ಮವರು ಹಿರಿದೆಂದದ್ದು ದಾನಿಯ ಪುಣ್ಯದ ದೃಷ್ಟಿಯಿಂದ. ಎಡಿನ್‌ಬರೋದಲ್ಲಿ ಪುಣ್ಯದ ಮಾತಿಲ್ಲ. ಋಣ ಹರಿದ ದಿಕ್ಕನ್ನು ಮಾತ್ರ ಸ್ಪಷ್ಟವಾಗಿ ಕಾಣಬಹುದು: 2012ರಲ್ಲಿ ಶಿಲ್ಪಗಳು ಸ್ಕಾಟ್ಲೆಂಡಿನ ಬೇರೆ ಬೇರೆ ಊರುಗಳಿಗೆ ಪ್ರದರ್ಶನಕ್ಕೆ ಹೋದವು, ಪಾಲಿಗನ್ ಪ್ರಕಾಶನದಿಂದ ‘ಗಿಫ್ಟೆಡ್’ ಎಂಬ ಪುಸ್ತಕ ಬಂದಿತು. ಕೊಟ್ಟಾಕೆಯ ಬದಲು ಗ್ರಂಥಾಲಯಗಳು ಸುದ್ದಿಯಾದವು. ಹೆಸರು ಹೇಳಿದ್ದರೆ ಸುದ್ದಿಯಾಗುತ್ತಿದ್ದುದು ಕಲಾವಿದೆ. ಆಕೆಯ ಬಾಲ್ಯ, ಮುಂದಿನ ಪ್ರದರ್ಶನ, ಶಿಲ್ಪಗಳ ಬೆಲೆ. ಅನಾಮಿಕತೆ ಇಲ್ಲಿ ಕೃತಿಯ ಒಂದು ಗುಣವಾಗಿ ನಿಲ್ಲದೆ ಕೃತಿ ಮಾಡುವ ಕೆಲಸವೇ ಆಗಿದೆ.

ಆದುದರಿಂದಲೇ 2012ರ ನವೆಂಬರಿನಲ್ಲಿ ನಡೆದುದನ್ನು ಬೇರೆಯಾಗಿ ನೋಡಬೇಕು. ಸ್ಕಾಟಿಷ್ ಬುಕ್ ಟ್ರಸ್ಟ್ ಮೊದಲ ಸ್ಕಾಟ್ಲೆಂಡ್ ಪುಸ್ತಕ ಸಪ್ತಾಹಕ್ಕಾಗಿ ಆಕೆಯಿಂದಲೇ ಐದು ಶಿಲ್ಪಗಳನ್ನು ಮಾಡಿಸಿ, ನಾಡಿನ ಬೇರೆ ಬೇರೆ ಕಡೆ ಇರಿಸಿ, ಸುಳಿವುಗಳನ್ನು ಕೊಟ್ಟು ಜನರಿಂದ ಹುಡುಕಿಸಿತು. ಹೆಸರು ಆಗಲೂ ಗುಟ್ಟಾಗಿಯೇ ಉಳಿಯಿತು. ಶಿಲ್ಪಗಳೂ ಕಳಪೆಯಲ್ಲ, ಅಲಾಸ್ಡೇರ್ ಗ್ರೇ ಅವರ ‘ಲಾನಾರ್ಕ್’ ಶಿಲ್ಪವನ್ನು ಆತ ಓದಿದ ಗ್ಲಾಸ್ಗೋ ಕಲಾಶಾಲೆಯಲ್ಲಿಯೇ ಇಟ್ಟದ್ದು ಔಚಿತ್ಯಪೂರ್ಣ. ಆದರೂ ಏನೋ ಕಳೆದುಹೋಗಿದೆ. ಮೊದಲ ಹತ್ತರಲ್ಲಿ ಪಡೆಯುವವರಿಗೆ ಬರುವುದು ತಿಳಿದಿರಲಿಲ್ಲ. ಈ ಐದರಲ್ಲಿ ಎಲ್ಲರೂ ಹುಡುಕುತ್ತಿದ್ದರು. ಮೊದಲ ಹತ್ತರ ಅನಾಮಿಕತೆ ಕೊಡುವ ರೀತಿಯಾಗಿತ್ತು. ಇಲ್ಲಿ ಅದು ಕಾರ್ಯಕ್ರಮದ ಆಕರ್ಷಣೆಯಾಯಿತು. ಆಚರಣೆಯ ಕಾಲಕ್ಕೆ, ಅದರ ಅಂಗಳದಲ್ಲಿ ಕುಣಿದ ಕುಣಿತವನ್ನು ಉತ್ಸವದ ವೇದಿಕೆಗೆ ತಂದು ಹತ್ತು ನಿಮಿಷಕ್ಕೆ ಕತ್ತರಿಸುವುದನ್ನು ಕಂಡಿರುವ ನಮಗೆ ಈ ನಷ್ಟದ ಸ್ವರೂಪ ಹೊಸದಲ್ಲ. ಅಲ್ಲಿ ಕಲಾವಿದರು ಅವರೇ, ವೇಷ ಅದೇ, ಹೆಜ್ಜೆಯೂ ಅದೇ. ಟ್ರಸ್ಟಿನ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಸಪ್ತಾಹ ಹೆಚ್ಚು ಜನರನ್ನು ಪುಸ್ತಕದತ್ತ ತಂದಿರಬಹುದು. ವಿಮರ್ಶೆಗೆ ಬೇಕಾದದ್ದು ಹತ್ತನ್ನೂ ಐದನ್ನೂ ಒಂದೇ ಎಣಿಕೆಯಲ್ಲಿ ಸೇರಿಸದಿರುವ ವಿವೇಕ. ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಹತ್ತನೆಯ ಚೀಟಿಯಲ್ಲಿ ಆಕೆಯೇ ಹೇಳಿದ್ದಳು.

ಕೊಡುಗೆ ಪಡೆದ ಸಂಸ್ಥೆಗಳೆಲ್ಲ ಅದರಿಂದ ಉಳಿದವೆಂದೂ ಹೇಳಲಾಗದು. ಫಿಲ್ಮ್‌ಹೌಸ್ 2022ರ ಅಕ್ಟೋಬರಿನಲ್ಲಿ ಹಣದ ಮುಗ್ಗಟ್ಟಿನಿಂದ ಬಾಗಿಲು ಹಾಕಿತು. ಅಭಿಮಾನಿಗಳ ಪ್ರಯತ್ನದಿಂದ 2025ರಲ್ಲಿ ಮತ್ತೆ ತೆರೆಯಿತು. ನಿರ್ಗಮನದ ವಿರುದ್ಧ ಎಂಬ ಮಾತು ಬರಿಯ ಶ್ಲೇಷೆಯಾಗಿರಲಿಲ್ಲ.

5

ಈ ಪ್ರಸಂಗದಿಂದ ನಮ್ಮ ಸಂಗ್ರಹಗಳತ್ತ ತಿರುಗಿದರೆ ಮುಜುಗರವಾಗುತ್ತದೆ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ (1931) ನಮ್ಮ ಜನಪದ ಸಾಹಿತ್ಯದ ಅಭ್ಯಾಸಕ್ಕೆ ಹಾಕಿಕೊಟ್ಟ ದಾರಿ ದೊಡ್ಡದು. ಆದರೆ ಆ ಶೀರ್ಷಿಕೆಯೇ ಹಾಡುವವಳ ಹೆಸರಿನ ಬದಲು ಅವಳ ಸ್ಥಾನವನ್ನು ಹೇಳುತ್ತದೆ. ಅನಂತರದ ನೂರಾರು ಸಂಕಲನಗಳಲ್ಲಿ ಸಂಪಾದಕರ ಹೆಸರು ಮುಖಪುಟದಲ್ಲಿ, ಹಾಡಿದವರ ಹೆಸರು ಇದ್ದರೆ ಅನುಬಂಧದಲ್ಲಿ. ಆ ಕಾಲದ ರೂಢಿ ಅದಾಗಿತ್ತೆಂದು ಹಿರಿಯರನ್ನು ಕ್ಷಮಿಸಬಹುದು. ನನ್ನನ್ನು ನಾನು ಕ್ಷಮಿಸಿಕೊಳ್ಳುವುದು ಅಷ್ಟು ಸುಲಭವಲ್ಲ.

ಪಿಎಚ್.ಡಿ. ಅಧ್ಯಯನದ ಕ್ಷೇತ್ರಕಾರ್ಯದಲ್ಲಿ ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ವಯಸ್ಸಾದ ತಾಯಿಯೊಬ್ಬರಿಂದ ಬೀಸುವ ಪದಗಳನ್ನು ಧ್ವನಿಮುದ್ರಿಸಿಕೊಂಡೆ. ಕೊನೆಯಲ್ಲಿ ನಮೂನೆಯಂತೆ ಹೆಸರು, ವಯಸ್ಸು ಕೇಳಿದೆ. “ನನ್ನ ಹೆಸರ ಯಾಕ ಬರೀತೀರಿ? ಹಾಡ ನಮ್ಮತ್ತೀದು. ಬರಿಯೂದಾದ್ರ ನಮ್ಮತ್ತಿ ಹೆಸರ ಬರೀರಿ” ಎಂದರು, ಅತ್ತೆಯ ಹೆಸರನ್ನೂ ಹೇಳಿದರು. ಆ ಅತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು. ಹಾಡದಿದ್ದವರ ಹೆಸರನ್ನು ವಕ್ತೃವಿನ ಅಂಕಣದಲ್ಲಿ ಬರೆಯುವುದು ಶಾಸ್ತ್ರೀಯವಲ್ಲವೆಂದು ನನಗೆ ತೋರಿತು. ಹಾಡಿದವರು ತಮ್ಮ ಹೆಸರು ಬೇಡವೆಂದಿದ್ದಾರೆ. ಹಾಗಾಗಿ ಎರಡನ್ನೂ ಬಿಟ್ಟು ‘ಅಜ್ಞಾತ’ ಎಂದು ಬರೆದೆ. ಮಹಾಪ್ರಬಂಧದ ಪರೀಕ್ಷಕರು ಅದನ್ನು ಪ್ರಶ್ನಿಸಲಿಲ್ಲ. ಕರ್ತೃ ಅಜ್ಞಾತವಾಗಿರುವುದು ಜಾನಪದದ ಲಕ್ಷಣವಲ್ಲವೆ?

ಆ ಒಂದು ಹಾಡಿನಲ್ಲಿ ಎರಡು ಬಗೆಯ ಹೆಸರಿಲ್ಲದಿರುವಿಕೆಗಳಿದ್ದವು. ಹಾಡಿದಾಕೆ ಹೆಸರನ್ನು ತಾನಾಗಿ ಬಿಟ್ಟುಕೊಟ್ಟಿದ್ದರು, ಎಡಿನ್‌ಬರೋದ ಶಿಲ್ಪಿಯಂತೆ. ಬಿಟ್ಟುಕೊಡುವಾಗ ಅದನ್ನು ಯಾರಿಗೆ ಸಲ್ಲಿಸಬೇಕೆಂಬುದನ್ನೂ ಹೇಳಿದ್ದರು. ಅತ್ತೆಯ ಹೆಸರನ್ನು ಅಳಿಸಿದವರು ಯಾರೂ ಅಲ್ಲ, ನಾನು. ಬಿಟ್ಟುಕೊಟ್ಟ ಹೆಸರನ್ನು ಕೆದಕಿ ಹೊರತೆಗೆಯುವುದು ಎಷ್ಟು ತಪ್ಪೋ, ಕೊಟ್ಟ ಹೆಸರನ್ನು ಬರೆಯದಿರುವುದೂ ಅಷ್ಟೇ ತಪ್ಪು. ನಮ್ಮ ಕ್ಷೇತ್ರಕಾರ್ಯದ ನಮೂನೆಗಳಲ್ಲಿ ‘ವಕ್ತೃವಿನ ಹೆಸರು’ ಎಂಬ ಅಂಕಣದ ಪಕ್ಕದಲ್ಲಿ ‘ಯಾರಿಂದ ಬಂದದ್ದು’, ‘ಯಾರಿಗೆ ಸಲ್ಲಬೇಕೆಂದು ಹೇಳಿದರು’ ಎಂಬ ಅಂಕಣಗಳೂ ಇರಬೇಕಿತ್ತು. ಹೆಸರು ಬೇಡವೆಂದವರ ಅಂಕಣದಲ್ಲಿ ‘ಅಜ್ಞಾತ’ ಎಂದು ಬರೆಯುವುದು ಸುಳ್ಳು. ‘ಹೇಳಬೇಡಿರೆಂದರು’ ಎಂದು ಬರೆದರೆ ಅದೇ ಒಂದು ಮಾಹಿತಿಯಾಗುತ್ತದೆ. ಮುಂದಿನ ಸಂಶೋಧಕರಿಗೆ ಆ ಹಾಡು ಹೇಗೆ ಕೈಬದಲಾಯಿತೆಂಬುದನ್ನು ತಿಳಿಸುತ್ತದೆ.

ಮಹಾಪ್ರಬಂಧವನ್ನು ಈಗ ಪರಿಷ್ಕರಿಸುತ್ತಿದ್ದೇನೆ. ಹಳೆಯ ಕ್ಷೇತ್ರಟಿಪ್ಪಣಿಯ ಪುಸ್ತಕದಲ್ಲಿ ಅತ್ತೆಯ ಹೆಸರು ಅಂಚಿನಲ್ಲಿ ಸೀಸದಕಡ್ಡಿಯಿಂದ ಬರೆದುಕೊಂಡದ್ದು ಹಾಗೆಯೇ ಉಳಿದಿತ್ತು. ಬೀಸುವ ಪದದ ಕೆಳಗೆ ಈ ಬಾರಿ ಅದನ್ನು ಸೇರಿಸಿದ್ದೇನೆ. ಸೊಸೆಯ ಹೆಸರನ್ನು, ಅವರು ಹೇಳಿದಂತೆ, ಬರೆದಿಲ್ಲ.